ಎರಡೂವರೆ ನಿಮಿಷದ ಭಕ್ತಿ

ದೇವರಿಗೆ ಕೈಮುಗಿದು ನಿಂತವನನ್ನು ತೋರಿಸಿ, 'ಇವನ ಕಾಲಿನ ರಕ್ತನಾಳ ಕಟ್ಟಿಕೊಂಡಿದೆ' ಎಂದು ಯಂತ್ರವೊಂದು ಹೇಳಿದರೆ ನಗದೆ ಇರುವವರು ಯಾರು? ಕಾಯಿಲೆಗಳಿಗೆ ಕೋಡ್ ಕೊಡುವ ತುಮಕೂರಿನ ಸಂಕೇತ ಕೇಂದ್ರದಲ್ಲಿ ಆ ದಿನ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಪಂಚಾಕ್ಷರಿ. ಆ ನಗು ನೆನಪಾದರೆ ಈಗಲೂ ಅವನ ಕಿವಿ ಬಿಸಿಯಾಗುತ್ತದೆ.

ಐವತ್ತೈದು ದಾಟಿದ ಎಲ್ಲರ ಕಣಕಾಲಿಗೂ ಸರ್ಕಾರ ಒಂದು ಪಟ್ಟಿ ಕಟ್ಟಿಸಿ ಆಗ ಎರಡು ವರ್ಷವಾಗಿತ್ತು. ಆದೇಶದಲ್ಲಿ ಅದರ ಹೆಸರು ನಡಿಗೆಮಾಪಕ. ಜನ ಕರೆದದ್ದು ಸರ್ಕಾರಿ ಗೆಜ್ಜೆ ಎಂದು. ಕಟ್ಟಿಕೊಂಡವರು ಎಷ್ಟು ದೂರ ನಡೆದರು, ಯಾವ ಕಾಲು ಎಳೆದರು, ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಎಂಬುದನ್ನಷ್ಟೇ ಅದು ಬರೆದುಕೊಳ್ಳುತ್ತಿತ್ತು. ಕಾಲಿನ ರಕ್ತನಾಳದ ಕಾಯಿಲೆ ಹಿಡಿಯಲು ಅಷ್ಟು ಸಾಕು. ವಯಸ್ಸು, ಸಕ್ಕರೆ, ಬೀಡಿ ಎಲ್ಲ ಸೇರಿ ನಾಳದ ಒಳಗೋಡೆಗೆ ಕೊಬ್ಬು ಮೆತ್ತಿ ದಾರಿ ಇಕ್ಕಟ್ಟು ಮಾಡುತ್ತವೆ. ಕೂತಿದ್ದಾಗ ಏನೂ ಗೊತ್ತಾಗುವುದಿಲ್ಲ. ನಡೆಯುವಾಗ ಮೀನಖಂಡ ಹೆಚ್ಚು ರಕ್ತ ಕೇಳುತ್ತದೆ, ಸಿಗದೆ ಹಿಂಡಿದ ಹಾಗೆ ನೋಯುತ್ತದೆ. ಎರಡು ಮೂರು ನಿಮಿಷ ನಿಂತರೆ ನೋವು ಇಳಿಯುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ನೋವು.

ಈ ಲೆಕ್ಕವನ್ನು ಓದಿ ಸಂಕೇತ ಸೂಚಿಸುವ ಯಂತ್ರಕ್ಕೆ ಧಮನಿ ಎಂದು ಹೆಸರಿಟ್ಟಿದ್ದರು. ಐ 70.2 ಎಂದರೆ ಕಾಲಿನ ರಕ್ತನಾಳ ಪೆಡಸಾಗಿದೆ ಎಂದು. ಅದರ ಮುಂದಿನ ಅಂಕಿ ಕಾಯಿಲೆ ಏರಿದ ಮೆಟ್ಟಿಲು. ಒಂದು ಎಂದರೆ ನಡೆದರೆ ನೋವು, ಎರಡು ಎಂದರೆ ಮಲಗಿದರೂ ನೋವು, ಆಮೇಲೆ ಹುಣ್ಣು, ಕೊನೆಗೆ ಕೊಳೆತ. ಕಡೆಯ ಅಂಕಿ ಯಾವ ಕಾಲು ಎಂದು ಹೇಳುತ್ತದೆ. ಧಮನಿ ಸೂಚಿಸಿದ್ದನ್ನು ಮನುಷ್ಯನೊಬ್ಬ ನೋಡಿ ಒಪ್ಪಿಗೆ ಒತ್ತಬೇಕು. ಒತ್ತಿದರೆ ವಾರದೊಳಗೆ ಆಸ್ಪತ್ರೆಯ ವ್ಯಾನು ಮನೆಬಾಗಿಲಿಗೆ ಬರುತ್ತದೆ. ಒತ್ತದಿದ್ದರೆ ಏನೂ ಇಲ್ಲ. ಸಂಕೇತ ಇಲ್ಲದವನಿಗೆ ಕಾಯಿಲೆಯೂ ಇಲ್ಲ ಎಂಬುದು ಆ ಕೆಲಸದವರಲ್ಲಿ ಚಾಲ್ತಿಯಲ್ಲಿದ್ದ ಮಾತು. ಹನ್ನೆರಡು ವರ್ಷ ಅದೇ ಕೆಲಸ ಮಾಡಿದ್ದ ಪಂಚಾಕ್ಷರಿ ಕೇಂದ್ರದಲ್ಲಿ ಹಿರಿಯ, ಬುದ್ಧಿವಂತ. ಆ ಬುದ್ಧಿವಂತಿಕೆಯೇ ಮುಳುವಾಯಿತು.

ಧಮನಿ ನಡಿಗೆ ಕಲಿತದ್ದು ಬೇರೆ ದೇಶದ ಊರುಗಳಲ್ಲಿ. ಅಲ್ಲಿನವರು ದಾರಿಯಲ್ಲಿ ಸುಮ್ಮನೆ ನಿಲ್ಲುವುದಿಲ್ಲ. ನಮ್ಮವರು ಗುಡಿ ಕಂಡರೆ ನಿಲ್ಲುತ್ತಾರೆ, ಚಪ್ಪಲಿಯಿಂದ ಕಾಲು ಹೊರತೆಗೆದು, ಕೆನ್ನೆಗೆ ಬಡಿದುಕೊಂಡು ಮುಂದೆ ಹೋಗುತ್ತಾರೆ. ಯಂತ್ರ ಅದನ್ನೆಲ್ಲ ನೋವೆಂದು ಎಣಿಸಿ ರಾಶಿ ರಾಶಿ ಹೆಸರು ಕಳಿಸುತ್ತಿತ್ತು. ಗಟ್ಟಿಮುಟ್ಟಾದ ಭಕ್ತರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದು ಸ್ಕ್ಯಾನ್ ಮಾಡಿ ಮಾಡಿ ಸುಸ್ತಾಗಿದ್ದ ಆಸ್ಪತ್ರೆಯವರು ಕೇಂದ್ರಕ್ಕೆ ಛೀಮಾರಿ ಹಾಕುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಪರದೆಯ ಮೇಲೆ ಬಂದ ಹೆಸರು: ಓಂಕಾರಪ್ಪ, ಅರವತ್ತಮೂರು, ತಿಪಟೂರು. ಐ 70.212. ಎಡಗಾಲು, ನಡೆದರೆ ನೋವು.

ಓಂಕಾರಪ್ಪನವರು ಪಂಚಾಕ್ಷರಿಯ ಅಕ್ಕ ದಾಕ್ಷಾಯಣಿಯ ಗಂಡ. ಅಪ್ಪ ತೀರಿಕೊಂಡಾಗ ಎಂಟು ವರ್ಷದ ಪಂಚಾಕ್ಷರಿಯನ್ನು ಮನೆಗೆ ಕರೆತಂದು ಬೆಳೆಸಿದವರು ಅವರೇ. ಕೊಬ್ಬರಿ ಮಂಡಿಯಲ್ಲಿ ತೂಕ ನೋಡುವ ಕೆಲಸ. ಹೆಸರಿನಲ್ಲಿ ಓಂಕಾರವಿದ್ದರೂ ಬಾಯಲ್ಲಿ ಒಂದು ದಿನವೂ ಶಿವನಾಮ ಬಂದದ್ದಿಲ್ಲ. ಅಕ್ಕ ಗುಡಿಗೆ ಹೊರಟರೆ 'ನನ್ನ ಪಾಲಿಂದೂ ನೀನೇ ಮುಗ್ದು ಬಾ' ಎಂದು ಬೀಡಿ ಹಚ್ಚುತ್ತಿದ್ದರು. ಅಂಥ ಮನುಷ್ಯ ಒಂದು ವರ್ಷದಿಂದ ಬದಲಾಗಿಬಿಟ್ಟಿದ್ದರು. ಮಂಡಿಗೆ ಹೋಗುವ ನೆಟ್ಟನೆಯ ರಸ್ತೆ ಬಿಟ್ಟು ಗುಡಿಬೀದಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಗಣಪತಿ, ಆಂಜನೇಯ, ಮಾರಮ್ಮ, ಭೇದವಿಲ್ಲದೆ ನಿಂತು ಕೈಮುಗಿಯುತ್ತಿದ್ದರು. ಹಬ್ಬಕ್ಕೆ ಹೋದಾಗ ಪಂಚಾಕ್ಷರಿಯೇ ಕಣ್ಣಾರೆ ಕಂಡಿದ್ದ.

ನೆಂಟರ ದಾಖಲೆ ಬಂದರೆ ಬೇರೆಯವರಿಗೆ ದಾಟಿಸಬೇಕು. ಪಂಚಾಕ್ಷರಿ ದಾಟಿಸಲಿಲ್ಲ. ಕೋಣೆಯಲ್ಲಿದ್ದವರನ್ನೆಲ್ಲ ಕರೆದು ತೋರಿಸಿದ. "ನೋಡ್ರಪ್ಪ, ನಮ್ಮ ಭಾವನಿಗೆ ಅರವತ್ತು ವರ್ಷಕ್ಕೆ ಭಕ್ತಿ ಬಂತು. ಈ ಧಮನಿ ಅದಕ್ಕೂ ಒಂದು ಕೋಡ್ ಕೊಟ್ಟಿದೆ!" ಎಂದ. ತಿರಸ್ಕರಿಸು ಎಂಬ ಗುಂಡಿ ಒತ್ತಿದ. ಅದೇ ಹುಮ್ಮಸ್ಸಿನಲ್ಲಿ ಕೂತು ಯಂತ್ರಕ್ಕೆ ಹದಿನೇಳನೆಯ ಸ್ಥಳೀಯ ನಿಯಮ ಬರೆದ: ಗುಡಿ, ಗದ್ದುಗೆ, ನಾಗರಕಟ್ಟೆ, ದರ್ಗಾ, ಚರ್ಚು ಇವುಗಳ ಹತ್ತು ಮೀಟರಿನೊಳಗೆ ನಿಂತದ್ದನ್ನು ನೋವಿನ ನಿಲುಗಡೆ ಎಂದು ಎಣಿಸತಕ್ಕದ್ದಲ್ಲ.

ನಿಯಮ ಜಾರಿಗೆ ಬಂದ ತಿಂಗಳೇ ಸುಳ್ಳು ಕರೆಗಳು ಅರ್ಧಕ್ಕರ್ಧ ಇಳಿದವು. ಆಸ್ಪತ್ರೆಯವರು ಧನ್ಯವಾದ ಬರೆದರು. ವಾರ್ಷಿಕೋತ್ಸವದಲ್ಲಿ ಪಂಚಾಕ್ಷರಿಗೆ ಶಾಲು ಹೊದಿಸಿ, ಹಾರ ಹಾಕಿ, 'ಯಂತ್ರಕ್ಕೆ ನಮ್ಮ ಸಂಸ್ಕೃತಿ ಕಲಿಸಿದವರು' ಎಂದು ಕೊಂಡಾಡಿದರು. ಅವನೂ ಮೈಕಿನ ಮುಂದೆ ನಿಂತು ಭಾವನ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದ. ಸಭೆ ಬಿದ್ದು ಬಿದ್ದು ನಕ್ಕಿತು.

ಮುಂದಿನ ಭಾನುವಾರ ತಿಪಟೂರಿನಲ್ಲಿ ಊಟಕ್ಕೆ ಕೂತಾಗಲೂ ಅದೇ ಕಥೆ ಹೇಳಿದ. ಅಕ್ಕ ಸಾರು ಬಡಿಸುತ್ತ ಸಿಡುಕಿದಳು. "ಎಷ್ಟು ಹರಕೆ ಹೊತ್ತಿದೀನಿ ಇವರಿಗೆ ಬುದ್ಧಿ ಬರ್ಲಿ ಅಂತ. ಬಂದ ಮೇಲೆ ಅದನ್ನ ಕಾಯಿಲೆ ಅಂತದಾ ನಿನ್ನ ಮಿಷನ್ನು?"

ಓಂಕಾರಪ್ಪನವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದ್ದರು. "ನಿಜವಾಗ್ಲೂ ಹಂಗಂತಾ ಅದು?" ಎಂದರು.

"ಅಂತು ಭಾವ. ಈಗ ಅನ್ನಲ್ಲ, ಬಾಯಿ ಮುಚ್ಚಿಸಿದೀನಿ."

"ಮುಚ್ಚಿಸ್ದಾ?" ಎಂದು ಇನ್ನೊಮ್ಮೆ ಕೇಳಿ ಅವರು ನಕ್ಕರು. ಆ ನಗುವಿನಲ್ಲಿ ಏನೋ ಹಗುರವಾದ ಹಾಗಿತ್ತು. ಪಂಚಾಕ್ಷರಿ ಅದನ್ನು ತನ್ನ ಜಾಣತನಕ್ಕೆ ಸಿಕ್ಕ ಮೆಚ್ಚುಗೆ ಎಂದುಕೊಂಡ.

"ಬರೀ ಭಕ್ತಿ ಅಲ್ಲ ಕಣೋ, ವೈರಾಗ್ಯಾನೇ ಬಂದೈತೆ," ಎಂದಳು ಅಕ್ಕ. "ಮಂಚದ ಮೇಲೆ ಮಲಗೋದೇ ಬಿಟ್ಟವ್ರೆ. ಕುರ್ಚೀಲಿ ಕಾಲು ಇಳಿಬಿಟ್ಕಂಡು ಹಂಗೇ ನಿದ್ದೆ."

ಕಾಲು ಇಳಿಬಿಟ್ಟರೆ ರಕ್ತ ಇಳಿಯುತ್ತದೆ, ನೋವು ತಗ್ಗುತ್ತದೆ. ಎರಡನೆಯ ಮೆಟ್ಟಿಲಿನ ರೋಗಿಯ ಗುರುತೇ ಅದು. ಪಂಚಾಕ್ಷರಿ ಅಂಥ ನೂರಾರು ದಾಖಲೆ ಓದಿ ಒಪ್ಪಿಗೆ ಒತ್ತಿದ್ದವನು. ಆ ದಿನ ಅಕ್ಕನ ಮಾತು ಕೇಳಿಸಿಕೊಂಡು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಹನ್ನೊಂದು ತಿಂಗಳಾದ ಮೇಲೆ ಅಕ್ಕನ ಫೋನು ಬಂತು. ಭಾವನ ಎಡಗಾಲಿನ ಹೆಬ್ಬೆರಳು ಕಪ್ಪಗಾಗಿದೆ, ವಾಸನೆ ಬರುತ್ತಿದೆ, ಯಾರಿಗೂ ತೋರಿಸದೆ ಕಾಲುಚೀಲ ಹಾಕಿಕೊಂಡೇ ಇರುತ್ತಿದ್ದರು ಎಂದು ಅಳುತ್ತ ಹೇಳಿದಳು. ಪಂಚಾಕ್ಷರಿ ಅವರನ್ನು ತುಮಕೂರಿನ ಆಸ್ಪತ್ರೆಗೆ ಕರೆಸಿಕೊಂಡ. ರಕ್ತನಾಳದ ಶಸ್ತ್ರವೈದ್ಯೆ ಡಾಕ್ಟರ್ ನಫೀಸಾ ಸ್ಕ್ಯಾನ್ ನೋಡಿ, ಬೆರಳು ಮಾತ್ರ ತೆಗೆದರೆ ಸಾಲದು, ಮೊಣಕಾಲಿನ ಕೆಳಗಿನಿಂದ ತೆಗೆಯಬೇಕು ಎಂದರು. ಅಕ್ಕನನ್ನು ಹೊರಗೆ ಕಳಿಸಿದ ಮೇಲೆ ಅವರು ಪಂಚಾಕ್ಷರಿಯ ಕಡೆ ತಿರುಗಿದರು.

"ನೀವು ಸಂಕೇತ ಕೇಂದ್ರದವರಲ್ವಾ? ಇವರು ಪಟ್ಟಿ ಕಟ್ಕೊಂಡಿದ್ದಾರೆ. ಒಂದು ವರ್ಷದ ಹಿಂದೆನೇ ಇವರು ನನ್ನ ಮುಂದೆ ಬರಬೇಕಿತ್ತು. ಆಗ ಒಂದು ಬಲೂನು, ಒಂದು ಸ್ಟೆಂಟು, ಮಾತ್ರೆ, ಅಷ್ಟರಲ್ಲಿ ಮುಗೀತಿತ್ತು. ಕೋಡ್ ಯಾಕೆ ಬರಲಿಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಂಚಾಕ್ಷರಿ ಅವಸರದಲ್ಲಿ ಉತ್ತರ ಹೇಳಿದ. "ಪಟ್ಟಿ ಸಡಿಲ ಆಗಿರಬಹುದು ಮೇಡಂ," ಎಂದ. ಅವರು ಅವನ ಮುಖವನ್ನು ಒಂದು ಕ್ಷಣ ನೋಡಿ, "ಸಡಿಲ ಇದ್ದರೆ ಅದೂ ದಾಖಲಾಗತ್ತೆ," ಎಂದು ಫೈಲು ಮುಚ್ಚಿದರು.

ಮಾರನೆಯ ಬೆಳಗ್ಗೆ ಭಾವ ಶಸ್ತ್ರಚಿಕಿತ್ಸೆಯ ಕೋಣೆಯೊಳಗಿದ್ದಾಗ ಪಂಚಾಕ್ಷರಿ ಕೇಂದ್ರದಲ್ಲಿ ಅವರ ಎರಡು ವರ್ಷದ ನಡಿಗೆಯನ್ನು ಪರದೆಯ ಮೇಲೆ ಬಿಡಿಸಿದ. ಹದಿನೇಳನೆಯ ನಿಯಮವನ್ನು ತೆಗೆದು ನೋಡಿದ.

ಓಂಕಾರಪ್ಪನವರು ಎಲ್ಲ ಗುಡಿಗಳ ಮುಂದೆ ನಿಂತಿರಲಿಲ್ಲ. ಮನೆಯಿಂದ ನೂರ ಎಂಬತ್ತು ಮೀಟರಿಗೆ ಗಣಪತಿ, ಅಲ್ಲಿ ನಿಂತಿದ್ದರು. ಅದರ ಪಕ್ಕದಲ್ಲೇ ಇದ್ದ ಈಶ್ವರನ ಗುಡಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಮತ್ತೆ ನೂರ ಎಪ್ಪತ್ತು ಮೀಟರಿಗೆ ಆಂಜನೇಯ. ಬರುವಾಗ ಬೇರೆ ದೇವರು, ಯಾಕೆಂದರೆ ಮಂಡಿಯಿಂದ ಅಳೆದರೆ ನೂರ ಎಂಬತ್ತು ಮೀಟರು ಬೀಳುವುದು ಬೇರೆ ಗುಡಿಗೆ. ಯಾವ ದೇವರಾದರೂ ಸರಿ, ನಿಂತದ್ದು ಎರಡೂವರೆ ನಿಮಿಷ. ಆರು ತಿಂಗಳ ಮೇಲೆ ನೂರ ಎಂಬತ್ತು ಎಂಬುದು ನೂರಾಯಿತು, ನಡುವೆ ಹೊಸ ದೇವರುಗಳು ಸೇರಿಕೊಂಡರು. ಕೊನೆಯ ತಿಂಗಳಲ್ಲಿ ನಲವತ್ತು ಮೀಟರು. ನಲವತ್ತು ಮೀಟರಿಗೆ ಯಾವ ಗುಡಿಯೂ ಇರಲಿಲ್ಲ. ಅವರು ಮನೆಯಿಂದ ಹೊರಡುವುದನ್ನೇ ನಿಲ್ಲಿಸಿದ್ದರು.

ನೆಟ್ಟನೆಯ ರಸ್ತೆ ಯಾಕೆ ಬಿಟ್ಟರು ಎಂಬುದೂ ಈಗ ತಿಳಿಯಿತು. ಅಲ್ಲಿ ನಿಲ್ಲಲು ನೆಪವಿಲ್ಲ. ನಡುಬೀದಿಯಲ್ಲಿ ಕಾಲು ಹಿಡಿದುಕೊಂಡು ನಿಂತರೆ 'ಏನಾಯ್ತು ಓಂಕಾರಪ್ನೋರೆ' ಎಂದು ಹತ್ತು ಜನ ಕೇಳುತ್ತಾರೆ. ಕೈಮುಗಿದು ನಿಂತರೆ ಯಾರೂ ಕೇಳುವುದಿಲ್ಲ. ಯಂತ್ರ ಇದನ್ನು ಮೊದಲ ವರ್ಷವೇ ಸರಿಯಾಗಿ ಓದಿತ್ತು. ಓದಲು ಬಾರದೆ ಹೋದವನು ಮನುಷ್ಯ, ಅದರಲ್ಲೂ ಆ ಮನೆಯ ಅನ್ನ ತಿಂದವನು.

ಇಷ್ಟಕ್ಕೇ ನಿಂತಿದ್ದರೆ ಅದು ಒಂದು ಮನೆಯ ದುಃಖ. ಪಂಚಾಕ್ಷರಿ ಅದೇ ಪರೀಕ್ಷೆಯನ್ನು ಇಡೀ ಜಿಲ್ಲೆಯ ಮೇಲೆ ಓಡಿಸಿದ. ಗುಡಿಯ ಮುಂದೆ ನಿಂತವರಲ್ಲಿ ದೂರ ಒಂದೇ, ಹೊತ್ತು ಒಂದೇ ಆಗಿದ್ದವರು ಎಷ್ಟು ಜನ? ಉತ್ತರ ಬರಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಹಿಡಿಯಿತು. ಮೂರು ಸಾವಿರದ ಒಂಬೈನೂರ ಹದಿನಾಲ್ಕು. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುತ್ತಾರೆ. ಪಂಚಾಕ್ಷರಿ ಊರಿಗೂ ಮಾರಿಯೇ ಆಗಿದ್ದ.

ಮೇಲಧಿಕಾರಿ ಜಯಶೀಲಾ ಮೇಡಂ ಅವನ ಹಿಂದೆ ನಿಂತು ಅಂಕಿಯನ್ನು ನೋಡಿದರು. ಕೆಟ್ಟವರಲ್ಲ, ಕೇಂದ್ರವನ್ನು ಕಾಪಾಡಿಕೊಳ್ಳಬೇಕಾದವರು. ಬಾಗಿಲು ಹಾಕಿಕೊಂಡು ಮೆಲ್ಲಗೆ ಹೇಳಿದರು. "ನಿಯಮಾನ ಇವತ್ತೇ ತೆಗೆದುಬಿಡೋಣ ಪಂಚಾಕ್ಷರಿ ಅವರೇ. ತಾಂತ್ರಿಕ ಪರಿಷ್ಕರಣೆ ಅಂತ ಬರೆದರೆ ಸಾಕು. ಹಳೇ ಲೆಕ್ಕಕ್ಕೆ ಕೋಡ್ ಕೊಡೋಕೆ ಬರಲ್ಲ, ಆದ್ರೆ ಇನ್ನು ಮೂರು ನಾಲ್ಕು ತಿಂಗಳು ನಡೆದರೆ ಧಮನಿ ತಾನಾಗೇ ಅವರನ್ನ ಹಿಡಿಯತ್ತೆ."

"ಅಷ್ಟರಲ್ಲಿ ಕೆಲವರಿಗೆ ನಡೆಯೋಕೆ ಕಾಲೇ ಇರಲ್ಲ ಮೇಡಂ."

"ಈಗಲೇ ಕರೆಸಬೇಕು ಅಂದ್ರೆ ದೋಷವರದಿ ಕೊಡಬೇಕು. ಯಾರು ಮಾಡಿದ್ದು, ಯಾಕೆ ಮಾಡಿದ್ದು, ಎಲ್ಲ. ನೆಂಟರ ದಾಖಲೆ ನೀವೇ ತೆಗೆದು ನೋಡಿದ್ದೂ ಅದರಲ್ಲಿ ಬರತ್ತೆ. ಯೋಚನೆ ಮಾಡಿ, ಸಂಜೆ ಒಳಗೆ ಹೇಳಿ."

ಪಂಚಾಕ್ಷರಿ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಯೋಚನೆ ಮಾಡುತ್ತೇನೆ ಎಂದು ಎದ್ದು ಆಸ್ಪತ್ರೆಗೆ ಹೋದ. ದಾರಿಯುದ್ದಕ್ಕೂ ಅವನು ಯೋಚಿಸಿದ್ದು ಆ ಮೂರು ಸಾವಿರ ಚಿಲ್ಲರೆ ಜನರ ಬಗ್ಗೆಯಲ್ಲ. ವರದಿಯಲ್ಲಿ ತನ್ನ ಹೆಸರು ಯಾವ ಸಾಲಿನಲ್ಲಿ ಬರುತ್ತದೆ, ಯಾರು ಯಾರು ಓದುತ್ತಾರೆ ಎಂಬುದರ ಬಗ್ಗೆ. ಕಥೆಯಲ್ಲಿ ಇದನ್ನೂ ಹೇಳಿಯೇ ಬಿಡಬೇಕು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಮಧ್ಯಾಹ್ನ ಮೂರಕ್ಕೆ ಭಾವನಿಗೆ ಎಚ್ಚರ ಬಂತು. ಹೊದಿಕೆ ಎಡಗಡೆ ಮೊಣಕಾಲಿನ ಕೆಳಗೆ ಚಪ್ಪಟೆಯಾಗಿತ್ತು. ಅಕ್ಕ ತಲೆದೆಸೆಯಲ್ಲಿ ಕೂತು ಸೆರಗಿನಿಂದ ಅವರ ಹಣೆ ಒರೆಸುತ್ತಿದ್ದಳು. ಓಂಕಾರಪ್ಪನವರು ಪಂಚಾಕ್ಷರಿಯನ್ನು ಕಂಡು ಕಣ್ಣು ಆ ಕಡೆ ಹೊರಳಿಸಿದರು.

"ತಪ್ಪಾಯ್ತು ಕಣೋ," ಎಂದರು.

"ಏನು ಭಾವ?"

"ಮಾರಮ್ಮನ ಮುಂದೆ ನಿಂತ್ಕಂಡು ನಿನ್ನ ಮಿಷನ್ನಿಗೆ ಮೋಸ ಮಾಡ್ದೆ. ಬೀಡಿ ಬಿಟ್ಟೆ ಅಂತ ನಿನ್ನ ತಲೆ ಮುಟ್ಟಿ ಆಣೆ ಇಟ್ಟಿದ್ದೆ, ಬಿಟ್ಟಿರ್ಲಿಲ್ಲ. ಕಾಲು ಹಿಡೀತೈತೆ ಅಂದ್ರೆ ಡಾಕ್ಟ್ರು ಬೀಡಿ ಕೇಳ್ತಾರೆ, ನಿಮ್ಮಕ್ಕಂಗೆ ಗೊತ್ತಾಗ್ತದೆ. ಅದಕ್ಕೆ ದೇವ್ರನ್ನ ಅಡ್ಡ ಇಟ್ಕಂಡೆ. ನಿನ್ನ ಕೆಲ್ಸಕ್ಕೇನಾದ್ರೂ ತೊಂದ್ರೆ ಆಯ್ತಾ? ನನ್ನಿಂದ ನಿಂಗೆ ಕೆಟ್ಟ ಹೆಸ್ರು ಬಂದ್ರೆ ನಾಚ್ಕೆ ಆಗ್ತದಪ್ಪ ನಂಗೆ."

ಪಂಚಾಕ್ಷರಿಗೆ ಆ ಗಳಿಗೆಯಲ್ಲಿ ಒಂದು ಬಾಗಿಲು ತೆರೆದ ಹಾಗಾಯಿತು. ಎಲ್ಲ ತಪ್ಪನ್ನೂ ಭಾವನೇ ಹೊತ್ತುಕೊಂಡಿದ್ದರು. ಹೊರಲು ಬಿಟ್ಟರೆ ಸಾಕು.

"ಹೋಗ್ಲಿ ಬಿಡಿ ಭಾವ," ಎಂದ. "ಆದದ್ದು ಆಯ್ತು."

ಹಾಗೆ ಹೇಳಿ ಹೊರಗೆ ಬಂದ. ಬೆನ್ನ ಹಿಂದೆಯೇ ಅಕ್ಕನೂ ಬಂದಳು. "ನೀನ್ಯಾಕೋ ಮುಖ ಹಿಂಗ್ ಮಾಡ್ಕಂಡಿದೀಯಾ? ಅವರು ಮಾಡ್ಕಂಡಿದ್ದಕ್ಕೆ ನೀನೇನು ಮಾಡ್ತೀಯಪ್ಪ. ನೀನಿದ್ದಿದ್ದಕ್ಕೆ ಜೀವ ಉಳೀತು," ಎಂದು ಅವನ ಬೆನ್ನು ಸವರಿದಳು. ಆ ಕೈ ಬೆನ್ನ ಮೇಲೆ ಬಿದ್ದದ್ದೇ ತಡ, ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ. ಕಾಲು ಹೋದ ಮನುಷ್ಯನ ಕೈಯಲ್ಲಿ ಕ್ಷಮೆ ಕೇಳಿಸಿಕೊಂಡು, ದೊಡ್ಡ ಮನಸ್ಸಿನವನ ಹಾಗೆ ಕ್ಷಮಿಸಿ ಬಂದಿದ್ದ. ಇದಕ್ಕಿಂತ ಕೀಳಾಗಿ ಅವನು ಹುಟ್ಟಿದಾಗಿನಿಂದ ನಡೆದುಕೊಂಡಿರಲಿಲ್ಲ.

ಅಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಕೂರಲಿಲ್ಲ.

"ಭಾವ, ನೀವು ಮಿಷನ್ನಿಗೆ ಮೋಸ ಮಾಡಲಿಲ್ಲ. ಮಾಡೋಕೆ ಆಗಲಿಲ್ಲ ನಿಮ್ಮ ಕೈಲಿ. ಅದು ನಿಮ್ಮನ್ನ ಮೊದಲೇ ಹಿಡಿದಿತ್ತು. ಎಡಗಾಲು, ನಡೆದರೆ ನೋವು ಅಂತ ಬರೆದು ನನ್ನ ಮುಂದೆನೇ ಇಟ್ಟಿತ್ತು. ನಾನು ಬೇಡ ಅಂತ ಒತ್ತಿದೆ. ನಾಲ್ಕು ಜನರನ್ನ ಕರೆದು ನಿಮ್ಮನ್ನ ತೋರಿಸಿ ನಕ್ಕೆ. ಅಕ್ಕಾ, ಅವತ್ತು ಒಪ್ಪಿಗೆ ಒತ್ತಿದ್ದರೆ ಈ ಕಾಲು ಇರ್ತಿತ್ತು."

ಅಕ್ಕ ಕೈ ಬಿಡಿಸಿಕೊಂಡಳು. ಹೋಗಿ ಗಂಡನ ಆ ಪಕ್ಕದಲ್ಲಿ ನಿಂತಳು.

ಓಂಕಾರಪ್ಪನವರು ಸೂರು ನೋಡುತ್ತ ಕೇಳಿದರು.

"ನನ್ನಂಗೆ ನಿಂತ್ಕಂಡೋರು ಇನ್ನೆಷ್ಟು ಜನ ಅವ್ರೆ?"

"ನಾಲ್ಕು ಸಾವಿರದ ಹತ್ತಿರ."

"ಅವರ್ಗೆ ಗೊತ್ತಾ?"

"ಇಲ್ಲ."

"ಮತ್ತೆ ನನ್ ಮುಂದೆ ನಿಂತ್ಕಂಡು ಅಳ್ತಿದೀಯಲ್ಲೋ," ಎಂದು ಅವರು ಮೊದಲ ಸಲ ದನಿ ಏರಿಸಿದರು. "ನಂದು ಕುಯ್ದಾಯ್ತು. ನಡಿ, ಅವರ್ಗೆ ಹೇಳೋಗು!"

ಸಂಜೆಗೆ ಮೊದಲೇ ದೋಷವರದಿ ಹೋಯಿತು. ನೆಂಟರ ದಾಖಲೆ ತೆರೆದದ್ದು, ನಕ್ಕದ್ದು, ನಿಯಮ ಬರೆದದ್ದು, ಡಾಕ್ಟರಿಗೆ ಪಟ್ಟಿ ಸಡಿಲ ಎಂದು ಸುಳ್ಳು ಹೇಳಿದ್ದು, ಯಾವುದನ್ನೂ ಪಂಚಾಕ್ಷರಿ ಬಿಡಲಿಲ್ಲ. ವಾರದೊಳಗೆ ಅವನನ್ನು ಹಿರಿಯರ ಸಾಲಿನಿಂದ ತೆಗೆದು ದೂರವಾಣಿ ಮೇಜಿಗೆ ಹಾಕಿದರು. ಆ ನಾಲ್ಕು ಸಾವಿರ ಜನರಲ್ಲಿ ಒಬ್ಬೊಬ್ಬರಿಗೂ ಕರೆ ಮಾಡಿ, ಲಕ್ಷಣ ಕೇಳಿ, ಒಪ್ಪಿದವರಿಗೆ ಅಂದೇ ವ್ಯಾನು ಕಳಿಸುವ ಕೆಲಸ. ಧಮನಿಯ ಸೂಚನೆ ಇಲ್ಲದಾಗ ರೋಗಿ ಬಾಯಿಬಿಟ್ಟು ನೋವಿದೆ ಎನ್ನದೆ ತುರ್ತು ಸಂಕೇತ ಕೊಡುವಂತಿಲ್ಲ, ಅದು ಕಾನೂನು. ಅಕ್ಕ ಅವನ ಫೋನು ಎತ್ತುತ್ತಿರಲಿಲ್ಲ. ಭಾವನೇ ಎತ್ತಿ, 'ಹೇಳ್ತಿದೀಯೇನೋ?' ಎಂದು ಕೇಳಿ ಇಟ್ಟುಬಿಡುತ್ತಿದ್ದರು.

ಮೊದಲ ದಿನ ಮೂವತ್ತೊಂದು ಕರೆ ಮಾಡಿದ. ನಡೆಯುವಾಗ ಕಾಲು ನೋಯುತ್ತದೆಯೇ ಎಂದು ಕೇಳಿದ. ಇಲ್ಲವಲ್ಲ, ಚೆನ್ನಾಗಿದೀನಿ, ದೇವರ ದಯೆ ಎಂದರು ಮೂವತ್ತೊಂದು ಜನರೂ. ಕೆಲವರು ರೇಗಿದರು. ಪರದೆಯ ಮೇಲೆ ಅವರ ನಡಿಗೆ ತೊಂಬತ್ತು ಮೀಟರು, ಎಪ್ಪತ್ತು ಮೀಟರು ಎಂದು ಕುಗ್ಗುತ್ತಿತ್ತು. ಅವರು ಸುಳ್ಳು ಹೇಳುತ್ತಿದ್ದಾರೆಂದು ಅವನಿಗೆ ಗೊತ್ತು, ಯಾಕೆ ಹೇಳುತ್ತಿದ್ದಾರೆಂಬುದೂ ಈಗ ಗೊತ್ತು.

ಮೂವತ್ತೆರಡನೆಯವರು ನೊಣವಿನಕೆರೆಯ ಪುಟ್ಟಸಿದ್ದಮ್ಮ, ಅರವತ್ತೆಂಟು ವರ್ಷ. ಹಿಂದೆ ಮನೆಯವರ ಗಲಾಟೆ ಕೇಳುತ್ತಿತ್ತು.

"ನೋವಾ? ಯಾವ ನೋವು? ಅಮ್ಮನ ಗುಡಿ ಮುಂದೆ ಒಂದ್ ಗಳಿಗೆ ನಿಂತ್ಕತೀನಿ. ಅದೂ ತಪ್ಪಾ?" ಎಂದು ಆಕೆ ದಬಾಯಿಸಿದರು.

ಪಂಚಾಕ್ಷರಿ ಮುಂದಿದ್ದ ಪ್ರಶ್ನಾವಳಿಯನ್ನು ಮುಚ್ಚಿದ.

"ತಪ್ಪು ನಿಮ್ಮದಲ್ಲ ತಾಯಿ, ನನ್ನದು. ಮೊದಲು ಅದನ್ನ ಕೇಳಿಸ್ಕೊಳ್ಳಿ," ಎಂದ. ಭಾವ ನಿಂತದ್ದನ್ನು ಹೇಳಿದ. ತಾನು ನಕ್ಕದ್ದನ್ನು ಹೇಳಿದ. ಕಾಲು ತೆಗೆದದ್ದನ್ನು, ಆಮೇಲೂ ಅವರ ಕೈಯಲ್ಲೇ ಕ್ಷಮೆ ಕೇಳಿಸಿಕೊಂಡು ಹೊರಗೆ ಬಂದದ್ದನ್ನು ಹೇಳಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು. "ನಾಚಿಕೆ ಆಗತ್ತೆ ತಾಯಿ ಹೇಳೋಕೆ. ಆದ್ರೂ ಹೇಳಿದೆ. ಈಗ ನೀವು ಹೇಳಿ."

ಫೋನು ಕೆಳಗಿಟ್ಟರೇನೋ ಎಂದುಕೊಂಡ. ಆಮೇಲೆ ಚಪ್ಪಲಿ ಎಳೆದುಕೊಂಡು ನಡೆಯುವ ಸದ್ದು ಕೇಳಿತು, ಬಾಗಿಲು ಹಾಕಿದ ಸದ್ದು ಕೇಳಿತು. ಮನೆಯ ಗಲಾಟೆ ನಿಂತುಹೋಯಿತು.

"ಎರಡೂ ಕಾಲು ಕಣಪ್ಪ," ಎಂದರು ಆಕೆ, ಪಿಸುದನಿಯಲ್ಲಿ. "ಮೂರು ವರ್ಷ ಆಯ್ತು."